ಕೂಪನ್ ಹಿಡಿದು ಅಂಗಡಿಗೆ ಹೋಗುವ ಮುನ್ನ

"ದೇವರು ವರ ಕೊಟ್ಟರೂ ಪೂಜಾರಿ ಕೊಡ" ಎಂಬ ಗಾದೆ ನಿಮಗೆಲ್ಲ ಗೊತ್ತಿರುವುದೇ. ಇಂದಿನ ಗೃಹಿಣಿಯನ್ನು ಕೇಳಿದರೆ "ಕಂಪನಿ ಕೊಟ್ಟರೂ ಕೌಂಟರಿನವರು ಕೊಡರು" ಎಂದು ಅದನ್ನು ತಿದ್ದಿ ಹೇಳಿಯಾಳು! ಟೀ ಪುಡಿಯ ಪೊಟ್ಟಣದೊಳಗೆ ಹತ್ತು ರೂಪಾಯಿಯ ಕೂಪನ್ ಇರುತ್ತದೆ. ಹಬ್ಬಕ್ಕೆ ಸೀರೆ ಕೊಂಡರೆ ಬಟ್ಟೆ ಅಂಗಡಿಯವರು ಬಿಲ್ಲಿಗೆ ಇನ್ನೂರರ ಕೂಪನ್ ಪಿನ್ನು ಹೊಡೆದು ಕೊಡುತ್ತಾರೆ. ದಿನಪತ್ರಿಕೆಯ ಮಡಿಕೆಯಿಂದ ಬಣ್ಣದ ಕರಪತ್ರ ಜಾರಿ ಬೀಳುತ್ತದೆ. ಅದನ್ನು ಕತ್ತರಿಸಿ, ಮಡಿಸಿ, ಪರ್ಸಿನಲ್ಲಿ ಜೋಪಾನ ಮಾಡಿ, ಅಂಗಡಿಗೆ ಒಯ್ದು, ಸಾಲಿನಲ್ಲಿ ನಿಂತು ಕೊಟ್ಟಾಗ ಬರುವ ಉತ್ತರ: "ಇದು ನಡೆಯಲ್ಲ ಮೇಡಂ."

ಇಂಥ ಹೊತ್ತಿನಲ್ಲಿ ನಮ್ಮ ಹೆಂಗಸರಲ್ಲಿ ಎರಡು ಬಗೆ. ಒಂದು ಬಗೆಯವರು ಹಿಂದೆ ನಿಂತವರೆಲ್ಲ ನೋಡುತ್ತಿದ್ದಾರಲ್ಲ ಎಂದು ನಾಚಿ, "ಹೋಗ್ಲಿ ಬಿಡಿ" ಎಂದು ಪೂರ್ತಿ ಹಣ ಎಣಿಸಿಕೊಟ್ಟು ಬರುತ್ತಾರೆ. ಇನ್ನೊಂದು ಬಗೆಯವರು ಅಂಗಡಿಯೇ ಅದುರುವಂತೆ ಕೂಗಾಡಿ, ಕೂಪನ್ ಅಲ್ಲೇ ಎಸೆದು ಬರುತ್ತಾರೆ. ಮೊದಲನೆಯವರಿಗೆ ದುಡ್ಡು ಹೋಯಿತು. ಎರಡನೆಯವರಿಗೆ ದುಡ್ಡಿನ ಜೊತೆ ಇಡೀ ದಿನದ ನೆಮ್ಮದಿಯೂ ಹೋಯಿತು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ: ತಿಳಿದುಕೊಂಡು ಹೋಗುವುದು, ಮೆತ್ತಗೆ ಕೇಳುವುದು, ಬಿಡದೆ ಕೇಳುವುದು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ನಾನು ವಕೀಲಳಲ್ಲ, ವ್ಯಾಪಾರ ಮಾಡಿದವಳೂ ಅಲ್ಲ. ತಿಂಗಳ ಸಾಮಾನಿನ ಪಟ್ಟಿ ಬರೆದು, ಬಂದ ಸಂಬಳದೊಳಗೆ ಅದನ್ನು ಹೊಂದಿಸುವ ಕೆಲಸ ಮಾಡುವವಳು, ನಿಮ್ಮ ಹಾಗೆಯೇ.

ನಾಚಿಕೆ ಯಾಕೆ?

ಮೊದಲು ಮನಸ್ಸಿನಿಂದ ತೆಗೆದುಹಾಕಬೇಕಾದ್ದು ಈ ನಾಚಿಕೆಯನ್ನು. ಕೂಪನ್ ಕೊಟ್ಟರೆ ಜಿಪುಣಿ ಅಂದುಕೊಂಡಾರು, "ಪಾಪ, ಮನೇಲಿ ಕಷ್ಟ ಇರಬೇಕು" ಅಂದುಕೊಂಡಾರು ಎಂಬ ಅಳುಕು ಎಷ್ಟೋ ಜನರಿಗೆ ಇದೆ. ನೆಂಟರಿಷ್ಟರು ಜೊತೆಗಿದ್ದರಂತೂ ಪರ್ಸಿನಿಂದ ಕೂಪನ್ ಹೊರಗೇ ಬರುವುದಿಲ್ಲ!

ಆದರೆ ಯೋಚಿಸಿ ನೋಡಿ. ಕೂಪನ್ ಯಾರೋ ಕೊಟ್ಟ ಭಿಕ್ಷೆಯಲ್ಲ. ಅದು ಜಾಹೀರಾತಿನ ಒಂದು ಬಗೆ. ಕೂಪನ್ ಎಂಬ ಮಾತಿಗೆ ಮೂಲ ಫ್ರೆಂಚ್ ಭಾಷೆಯ 'ಕತ್ತರಿಸು' ಎಂಬ ಅರ್ಥದ ಪದ. ಅಮೆರಿಕದ ಅಟ್ಲಾಂಟಾ ನಗರದಲ್ಲಿ 1880ರ ದಶಕದ ಕೊನೆಯಲ್ಲಿ ಕೋಕಾ-ಕೋಲಾ ಮಾರುತ್ತಿದ್ದವರು ಒಂದು ಉಪಾಯ ಹೂಡಿದರು. ಚೀಟಿ ಹಿಡಿದು ಬಂದವರಿಗೆ ಒಂದು ಲೋಟ ಪಾನೀಯ ಪುಕ್ಕಟೆ. ಹಾಗೆ ಪುಕ್ಕಟೆ ಕೊಟ್ಟಿದ್ದಕ್ಕೆ ಬೇಕಾದ ಪಾಕವನ್ನು ಕಂಪನಿಯೇ ಅಂಗಡಿಯವರಿಗೆ ಒದಗಿಸುತ್ತಿತ್ತು. ಕುಡಿದವನಿಗೆ ರುಚಿ ಹತ್ತಿತು, ಅಂಗಡಿಯವನಿಗೆ ನಷ್ಟವಾಗಲಿಲ್ಲ, ಕಂಪನಿಯ ಹೆಸರು ಊರೂರಿಗೆ ಹಬ್ಬಿತು. ಇಂದಿನ ಕೂಪನ್ನುಗಳ ಹಿಂದಿರುವ ಲೆಕ್ಕವೂ ಇದೇ. ಖರ್ಚು ಕಂಪನಿಯದು, ಆ ಖರ್ಚನ್ನು ಕಂಪನಿ ಮಾಲಿನ ಬೆಲೆಯಲ್ಲೇ ಸೇರಿಸಿರುತ್ತದೆ. ಎಂದರೆ ಒಂದು ರೀತಿಯಲ್ಲಿ ನಾವೇ ಮುಂಗಡ ಕೊಟ್ಟಿದ್ದೇವೆ. ನಮ್ಮದನ್ನು ನಾವು ಕೇಳುವುದಕ್ಕೆ ನಾಚಿಕೆ ಯಾಕೆ?

ಕಾನೂನು ಕೂಡ ನಮ್ಮ ಕಡೆ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮ ದೇಶಕ್ಕೆ ಮೊದಲು ಬಂದದ್ದು 1986ರಲ್ಲಿ. ಅದರ ಜಾಗದಲ್ಲಿ ಬಂದ 2019ರ ಹೊಸ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಕೊಡುವ ಮನಸ್ಸಿಲ್ಲದೆ ಬಹುಮಾನ, ಕೊಡುಗೆ ಎಂದು ಆಸೆ ತೋರಿಸುವುದು, ಬೆಲೆಯಲ್ಲಿ ಸೇರಿಸಿಕೊಂಡು "ಉಚಿತ" ಎಂದು ನಂಬಿಸುವುದು, ಬಹುಮಾನದ ಯೋಜನೆ ಮುಗಿದ ಮೇಲೆ ಗೆದ್ದವರು ಯಾರೆಂದು ತಿಳಿಸದೆ ಮುಚ್ಚಿಡುವುದು, ಕೊಂಡ ಸಾಮಾನಿಗೆ ಬಿಲ್ಲು ಕೊಡದಿರುವುದು ಇವೆಲ್ಲ ಆ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಗಳು. ಇಷ್ಟು ತಿಳಿದಿದ್ದರೆ ಸಾಕು, ಕೌಂಟರಿನ ಮುಂದೆ ನಿಂತಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಕೂಪನ್ ಯಾರದು?

ಎಲ್ಲ ಕೂಪನ್ನುಗಳೂ ಒಂದೇ ಜಾತಿಯವಲ್ಲ. ಯಾರು ಕೊಟ್ಟದ್ದು ಎಂದು ಮೊದಲು ತಿಳಿದುಕೊಂಡರೆ ಯಾರನ್ನು ಕೇಳಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಒಂದು, ಕಂಪನಿಯ ಕೂಪನ್. ಸೋಪು, ಟೀ ಪುಡಿ, ಬಿಸ್ಕತ್ತಿನ ಪೊಟ್ಟಣದಲ್ಲಿ ಬರುವುದು. ಅಥವಾ "ಇದರೊಂದಿಗೆ ಚಮಚ ಉಚಿತ" ಎಂದು ಪೊಟ್ಟಣದ ಮೇಲೆ ಅಚ್ಚಾಗಿರುವುದು. ಇದನ್ನು ಬೀದಿ ಮೂಲೆಯ ದಿನಸಿ ಅಂಗಡಿಯವರು ಕೊಡಲಾರೆ ಎಂದರೆ ಎಷ್ಟೋ ವೇಳೆ ಅವರಿಗೆ ಮಾಲು ಹಾಕುವ ಏಜೆಂಟರೇ ಆ ಚಮಚ ತಲುಪಿಸಿರುವುದಿಲ್ಲ. ಕೆಲವು ಕಡೆ ತಲುಪಿದ್ದೂ ಮಾರಾಟಕ್ಕೆ ಹೋಗುವುದುಂಟು, ಅದು ಬೇರೆ ಮಾತು. ಇಂಥ ಕೂಪನ್ನಿಗೆ ಕೊನೆಯ ಉತ್ತರ ಹೇಳಬೇಕಾದವರು ಕಂಪನಿಯವರು.

ಎರಡು, ಅಂಗಡಿಯದೇ ಕೂಪನ್. "ಈಗ ಸಾವಿರಕ್ಕೆ ಕೊಳ್ಳಿ, ಮುಂದಿನ ಸಲ ನೂರು ರೂಪಾಯಿ ಸೋಡಿ" ಎಂಬಂಥದು. ಇದಕ್ಕೆ ಹೊಣೆ ಅಂಗಡಿಯ ಮಾಲೀಕರು, ಅವರ ಪರವಾಗಿ ಮ್ಯಾನೇಜರು.

ಮೂರು, ಉಡುಗೊರೆ ಕೂಪನ್. ಕಚೇರಿಯಿಂದ ದೀಪಾವಳಿಗೆ ಬಂದದ್ದು, ಮದುವೆ ಮುಂಜಿಯಲ್ಲಿ ಯಾರೋ ಕೊಟ್ಟದ್ದು. ಇದಕ್ಕೆ ಯಾರೋ ಪೂರ್ತಿ ಹಣ ಕಟ್ಟಿದ್ದಾರೆ, ಹಾಗಾಗಿ ಇದನ್ನು ನೋಟಿನಷ್ಟೇ ಜೋಪಾನವಾಗಿ ಇಡಬೇಕು. ವಾಯಿದೆ ಮುಗಿಯಲು ಬಿಡಬಾರದು. ಐನೂರರ ಕೂಪನ್ನಿಗೆ ನಾನೂರರ ಸಾಮಾನು ಕೊಂಡರೆ ಉಳಿದ ನೂರು ವಾಪಸು ಬರುತ್ತದೆಯೇ, ಇಲ್ಲ ಅಲ್ಲಿಗೇ ಮುಗಿಯಿತೇ ಎಂದು ಮೊದಲೇ ಕೇಳಿಕೊಳ್ಳಬೇಕು. ಬಹಳ ಅಂಗಡಿಗಳಲ್ಲಿ ವಾಪಸು ಕೊಡುವುದಿಲ್ಲ.

ಕೌಂಟರಿನ ಆಚೆ ಬದಿ

ಈಗ ಒಂದು ಕ್ಷಣ ಕೌಂಟರಿನ ಆಚೆ ಕಡೆ ನಿಂತು ನೋಡೋಣ. ನಮ್ಮ ಬೀದಿಯ ಹುಡುಗಿಯೊಬ್ಬಳು ಜಿಲ್ಲಾ ಕೇಂದ್ರದ ದೊಡ್ಡ ಅಂಗಡಿಯೊಂದರಲ್ಲಿ ಬಿಲ್ಲು ಹಾಕುವ ಕೆಲಸಕ್ಕಿದ್ದಾಳೆ. ಪಿ.ಯು.ಸಿ. ಓದಿದವಳು. ಬೆಳಗಿನ ಎಂಟೂವರೆಯ ಬಸ್ಸಿಗೆ ಹೋದರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಒಂದು ಭಾನುವಾರ ರಜೆ ಸಿಕ್ಕಿ ನಮ್ಮ ಮನೆಗೆ ಬಂದಿದ್ದಾಗ ಈ ಕೂಪನ್ನಿನ ಮಾತು ಬಂತು.

"ಆಂಟಿ, ನಾವು 'ಆಗಲ್ಲ' ಅಂದ್ರೆ ಕೊಡೋಕೆ ಮನಸ್ಸಿಲ್ಲ ಅಂತ ಅಲ್ಲ. ಕಂಪ್ಯೂಟರ್ ತಗೊಳ್ಳಲ್ಲ ಅಂತ. ನಮ್ಮ ಕೈಯಲ್ಲಿ ಒಂದು ರೂಪಾಯಿನೂ ಕಡಿಮೆ ಮಾಡೋಕೆ ಬರಲ್ಲ. ಸೂಪರ್‌ವೈಸರ್ ಬಂದು ಅವರ ನಂಬರ್ ಒತ್ತಬೇಕು," ಎಂದಳು. ರಾತ್ರಿ ಪೆಟ್ಟಿಗೆಯ ಲೆಕ್ಕ ಮಾಡುವಾಗ ಇಸಿದುಕೊಂಡ ಕೂಪನ್ನುಗಳೂ ಬಿಲ್ಲೂ ತಾಳೆಯಾಗಬೇಕು. ಒಂದು ಚೀಟಿ ಕಳೆದರೂ ಕಡಿಮೆ ಬಿದ್ದ ಹಣ ಅವಳ ಸಂಬಳದಲ್ಲಿ ಮುರಿಯುತ್ತಾರೆ. ಒಮ್ಮೆ ಹಬ್ಬದ ಹಿಂದಿನ ದಿನ, ಒಬ್ಬರು ವಾಯಿದೆ ಮುಗಿದ ಐವತ್ತರ ಕೂಪನ್ ತಂದಿದ್ದರಂತೆ. ಎಷ್ಟು ಹೇಳಿದರೂ ಕೇಳದೆ, "ನೀವೆಲ್ಲ ಸೇರಿಕೊಂಡು ನುಂಗ್ತೀರಾ, ಕಳ್ಳರು" ಎಂದು ಎಲ್ಲರ ಎದುರು ಕೂಗಿದರಂತೆ. ಸಾಲು ಬಾಗಿಲ ತನಕ ಬೆಳೆದಿತ್ತು. ಕೊನೆಗೆ ಈ ಹುಡುಗಿ ತನ್ನ ಚೀಲದಿಂದ ಐವತ್ತು ರೂಪಾಯಿ ತೆಗೆದು ಪೆಟ್ಟಿಗೆಗೆ ಹಾಕಿ ಅವರನ್ನು ಕಳಿಸಿದಳು. "ಐವತ್ತು ಹೋದದ್ದಕ್ಕೆ ಅಳು ಬರ್ಲಿಲ್ಲ ಆಂಟಿ, 'ಕಳ್ಳಿ' ಅಂದ್ರಲ್ಲ," ಎಂದು ಹೇಳುವಾಗ ಅವಳ ದನಿ ಸಣ್ಣದಾಯಿತು.

ಐವತ್ತು ಉಳಿಸಿಕೊಂಡು ಹೋದ ಆ ಮಹಿಳೆಗೆ ಅದು ಯಾರ ಐವತ್ತು ಎಂದು ಗೊತ್ತೇ ಆಗಲಿಲ್ಲ. ನಿಯಮ ಬರೆದವರು ಎಲ್ಲೋ ದೊಡ್ಡ ಊರಿನ ಕಚೇರಿಯಲ್ಲಿದ್ದಾರೆ; ಬೈಗುಳ ತಿನ್ನುವವಳು ನಮ್ಮ ಬೀದಿಯ ಮಗಳು. ದಿನವಿಡೀ ನಿಂತೇ ದುಡಿಯುವ ಇಂಥವರಿಗೆ ಕೂರಲು ಒಂದು ಸ್ಟೂಲು ಕೊಡಬೇಕೆಂದು ಕೇರಳದಲ್ಲಿ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಹೋರಾಟವನ್ನೇ ಮಾಡಬೇಕಾಯಿತು. ಅಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅದಕ್ಕಾಗಿ ಕಾನೂನು ತಿದ್ದಿದರು. ಸಂಜೆಯ ಹೊತ್ತಿಗೆ ಕೌಂಟರಿನವರ ಮುಖ ಯಾಕೆ ಗಂಟಾಗಿರುತ್ತದೆ ಎಂದು ಇದರಿಂದಲೇ ತಿಳಿಯಬಹುದಲ್ಲವೇ?

ಹಾಗೆಂದು ನಮ್ಮ ಹಕ್ಕು ಬಿಡಬೇಕೆಂದು ನಾನು ಹೇಳುವುದಿಲ್ಲ. ಹಕ್ಕು ಕೇಳಬೇಕಾದವರನ್ನು ಕೇಳೋಣ, ಕೊಡಲು ಅಧಿಕಾರವಿಲ್ಲದವರನ್ನು ಗೋಳು ಹೊಯ್ದುಕೊಳ್ಳುವುದು ಬೇಡ ಎಂದಷ್ಟೇ.

ಮನೆಯಲ್ಲೇ ಓದಿಕೊಳ್ಳಿ

ಕೌಂಟರಿನ ಮುಕ್ಕಾಲು ಪಾಲು ಜಗಳಗಳಿಗೆ ಕಾರಣ ಕೂಪನ್ನಿನ ಕೆಳಗೆ ಎಳ್ಳಿನಷ್ಟು ಸಣ್ಣ ಅಕ್ಷರಗಳಲ್ಲಿರುವ ಷರತ್ತು. ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಕುಳಿತು ಐದು ವಿಷಯ ನೋಡಿಕೊಳ್ಳಿ. ಇಂಗ್ಲಿಷಿನಲ್ಲಿದ್ದರೆ ಮಕ್ಕಳ ಕೈಲಿ ಓದಿಸಿ.

1. ಎಲ್ಲಿಯವರೆಗೆ ನಡೆಯುತ್ತದೆ? ಆ ತಾರೀಖಿಗೆ ಪೆನ್ನಿನಿಂದ ಗೆರೆ ಎಳೆಯಿರಿ.

2. ಕನಿಷ್ಠ ಎಷ್ಟು ರೂಪಾಯಿಗೆ ಕೊಳ್ಳಬೇಕು? ಆ ಮೊತ್ತ ಸೋಡಿ ಕಳೆಯುವ ಮುಂಚಿನದೋ, ಕಳೆದ ಮೇಲಿನದೋ?

3. ಯಾವ ಸಾಮಾನಿಗೆ, ಎಷ್ಟು ತೂಕದ್ದಕ್ಕೆ? ಒಂದು ಕಿಲೋ ಪೊಟ್ಟಣಕ್ಕೆ ಇರುವುದು ಅರ್ಧ ಕಿಲೋ ಎರಡಕ್ಕೆ ನಡೆಯುವುದಿಲ್ಲ. ಎಣ್ಣೆ, ಸಕ್ಕರೆ, ಅಕ್ಕಿಯನ್ನು ಬಿಟ್ಟು ಎಂದು ಬರೆದಿರುವುದೂ ಉಂಟು.

4. ಯಾವ ಶಾಖೆಯಲ್ಲಿ? ಬೆಂಗಳೂರಿನ ಅಂಗಡಿಯಲ್ಲಿ ಕೊಟ್ಟದ್ದು ನಮ್ಮೂರಿನ ಶಾಖೆಯಲ್ಲಿ ನಡೆಯಲೇಬೇಕೆಂದಿಲ್ಲ.

5. ಬೇರೆ ರಿಯಾಯಿತಿಯ ಜೊತೆ ಸೇರಿಸಬಹುದೇ? ಬಹಳ ಕೂಪನ್ನುಗಳಲ್ಲಿ ಸೇರಿಸುವಂತಿಲ್ಲ.

ಇಷ್ಟು ನೋಡಿದ ಮೇಲೆ ಸ್ವಲ್ಪ ಲೆಕ್ಕವನ್ನೂ ಹಾಕಿ. ಸಾವಿರಕ್ಕೆ ಕೊಂಡದ್ದಕ್ಕೆ ನೂರರ ಕೂಪನ್ ಕೊಟ್ಟು, ಅದನ್ನು ಬಳಸಲು ಮುಂದಿನ ಸಲ ಸಾವಿರದ ಐನೂರಕ್ಕೆ ಕೊಳ್ಳಬೇಕು ಎಂದಿದ್ದರೆ, ಒಟ್ಟು 2,500 ರೂಪಾಯಿಯ ಸಾಮಾನಿಗೆ ನಿಮಗೆ ಉಳಿದದ್ದು 100. ನೂರಕ್ಕೆ ಬರೀ ನಾಲ್ಕು! "50 ಪರ್ಸೆಂಟ್ ಮೇಲೆ ಮತ್ತೆ 20 ಪರ್ಸೆಂಟ್" ಎಂದರೆ 70 ಅಲ್ಲ. ಸಾವಿರದ ಸೀರೆ ಮೊದಲು 500ಕ್ಕೆ ಇಳಿಯಿತು, ಆ ಐನೂರರಲ್ಲಿ ಇಪ್ಪತ್ತರಂತೆ 100 ಕಳೆದು 400ಕ್ಕೆ ನಿಂತಿತು. ಎಂದರೆ 60 ಪರ್ಸೆಂಟ್ ಅಷ್ಟೆ. "ಮೂರು ಕೊಂಡರೆ ಒಂದು ಉಚಿತ" ಎಂದರೆ ನೂರಕ್ಕೆ 25 ಸೋಡಿ, ಅದೂ ನಾಲ್ಕು ನಿಮಗೆ ಬೇಕಾಗಿದ್ದರೆ ಮಾತ್ರ.

ಇನ್ನೊಂದು ಸೂಕ್ಷ್ಮ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆ 250, ಅಂಗಡಿಯವರು ದಿನಾ ಮಾರುವುದು 220ಕ್ಕೆ ಎಂದಿಟ್ಟುಕೊಳ್ಳಿ. ನಿಮ್ಮ ಹತ್ತು ಪರ್ಸೆಂಟಿನ ಕೂಪನ್ ಅಚ್ಚಾದ ಬೆಲೆಯ ಮೇಲೆ ಮಾತ್ರ ಎಂದರೆ ನೀವು ಕೊಡುವುದು 225. ಕೂಪನ್ ಇಲ್ಲದವರಿಗಿಂತ ಐದು ರೂಪಾಯಿ ಹೆಚ್ಚೇ ಆಯಿತು! "ಯಾವ ಬೆಲೆಯ ಮೇಲೆ ಕಳೆಯುತ್ತೀರಿ?" ಎಂದು ಕೇಳುವುದು ಅದಕ್ಕೇ.

ಅಚ್ಚಾದ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ ಎಂಬುದು ನೆನಪಿರಲಿ. ಆ ಬೆಲೆಯ ಮೇಲೆ ಇಷ್ಟು ಸೋಡಿ ಎಂದು ಬೋರ್ಡು ಹಾಕಿ, ಸೋಡಿ ಕಳೆದ ಮೇಲೆ ಮತ್ತೆ ತೆರಿಗೆ ಸೇರಿಸುವುದು ಸರಿಯಲ್ಲವೆಂದು ರಾಷ್ಟ್ರೀಯ ಗ್ರಾಹಕ ಆಯೋಗವೇ 2017ರಲ್ಲಿ ಹೇಳಿದೆ. ಆಗ ಇದ್ದದ್ದು ವ್ಯಾಟ್ ತೆರಿಗೆ.

ಹೋಗುವ ಹೊತ್ತು, ಆಡುವ ಮಾತು

ಸಂಬಳದ ವಾರದ ಶನಿವಾರ ಸಂಜೆ, ಗೌರಿ ಹಬ್ಬದ ಹಿಂದಿನ ದಿನ ಕೂಪನ್ ಹಿಡಿದು ಹೋಗಬೇಡಿ. ವಾರದ ನಡುವೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೋ, ಮಧ್ಯಾಹ್ನ ಎರಡರಿಂದ ನಾಲ್ಕರೊಳಗೋ ಹೋದರೆ ಸಾಲು ಇರುವುದಿಲ್ಲ, ಮ್ಯಾನೇಜರೂ ಸಿಗುತ್ತಾರೆ, ಕೌಂಟರಿನವರಿಗೂ ನಿಮ್ಮ ಮಾತು ಕೇಳಲು ಪುರುಸೊತ್ತಿರುತ್ತದೆ.

ಅಂಗಡಿಯ ಒಳಗೆ ಕಾಲಿಟ್ಟ ಕೂಡಲೆ, ಬುಟ್ಟಿ ತುಂಬುವ ಮೊದಲೇ ಕೂಪನ್ ತೋರಿಸಿ ಕೇಳಿ: "ಏನಮ್ಮಾ, ಇದು ಇವತ್ತು ಇಲ್ಲಿ ನಡೆಯುತ್ತಾ? ಯಾವುದಕ್ಕೆ ನಡೆಯುತ್ತೆ?" ಈ ಒಂದು ಪ್ರಶ್ನೆಯಿಂದ ಅರ್ಧ ತೊಂದರೆ ತಪ್ಪುತ್ತದೆ. ಹೌದು ಎಂದವರ ಹೆಸರು ಕೇಳಿಟ್ಟುಕೊಳ್ಳಿ. ಸಾಮಾನ್ಯವಾಗಿ ಅಂಗಿಯ ಮೇಲಿನ ಬಿಲ್ಲೆಯಲ್ಲಿ ಬರೆದಿರುತ್ತದೆ. "ಸುಮಾರು ಹೊತ್ತಿನ ಮುಂಚೆ ಇಂಥವರು ಆಗುತ್ತೆ ಅಂದರು" ಎಂದು ಹೆಸರು ಹಿಡಿದು ಹೇಳುವುದಕ್ಕೂ "ಯಾರೋ ಹೇಳಿದರು" ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಕೌಂಟರಿನಲ್ಲಿ ಕೂಪನ್ನಿನ ಸಾಮಾನುಗಳನ್ನು ಬೇರೆಯಾಗಿ ಇಡಿ. ಬಿಲ್ಲು ಶುರು ಮಾಡುವ ಮೊದಲೇ "ನನ್ನ ಹತ್ತಿರ ಕೂಪನ್ ಇದೆ ತಂಗಿ" ಎಂದು ಹೇಳಿ. ಎಲ್ಲ ಬಿಲ್ಲಾಗಿ, ದುಡ್ಡು ಕೊಟ್ಟ ಮೇಲೆ ಕೂಪನ್ ತೆಗೆದರೆ ಬಿಲ್ಲು ರದ್ದು ಮಾಡಬೇಕಾಗುತ್ತದೆ. ಅದಕ್ಕೆ ಮೇಲಿನವರು ಬರಬೇಕು, ಹಿಂದಿನವರು ಗೊಣಗುತ್ತಾರೆ. ಬಿಲ್ಲಾಗುವಾಗ ಫೋನಿನಲ್ಲಿ ಮಾತಾಡದೆ ಪರದೆಯ ಮೇಲೆ ಕಣ್ಣಿಡಿ. ಸೋಡಿ ಕಳೆದದ್ದು ಬಿಲ್ಲಿನಲ್ಲಿ ಕಾಣಿಸಿಕೊಂಡಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ.

ಕನಿಷ್ಠ ಮೊತ್ತಕ್ಕೆ ಎಂಬತ್ತು ರೂಪಾಯಿ ಕಡಿಮೆ ಬಿದ್ದರೆ "ಮೇಡಂ, ಚಾಕಲೇಟ್ ಹಾಕಲಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವರಿಗೆ ಹಾಗೆ ಕೇಳಲು ಹೇಳಿಕೊಟ್ಟಿರುತ್ತಾರೆ. ಕೋಪ ಬೇಡ. ಮನೆಗೆ ಹೇಗೂ ಬೇಕಾಗುವ ಸೋಪು, ಅಗರಬತ್ತಿ, ಬೆಂಕಿಪೊಟ್ಟಣದ ಕಟ್ಟನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಅದನ್ನು ಸೇರಿಸಿದರಾಯಿತು.

"ಆಗಲ್ಲ" ಎಂದಾಗ

ಇಷ್ಟೆಲ್ಲ ಮಾಡಿದರೂ "ಆಗಲ್ಲ" ಎಂಬ ಮಾತು ಬರಬಹುದು. ನಮ್ಮ ಪರಿಚಯದ ಹಿರಿಯರೊಬ್ಬರ ಸಂಗತಿ ಕೇಳಿ. ಗಂಡನ ಪಿಂಚಣಿಯಲ್ಲಿ ಮನೆ ನಡೆಸುವವರು. ದಸರೆಗೆ ಮೊಮ್ಮಗಳಿಗೆ ಲಂಗ ಕೊಂಡಾಗ ಬಂದ ಇನ್ನೂರರ ಕೂಪನ್ ಹಿಡಿದು ಹೋದರು. "ದಸರಾ ಆಫರ್ ಮುಗೀತು ಅಜ್ಜಿ" ಎಂದ ಹುಡುಗ. ಹಿಂದೆ ನಿಂತಿದ್ದವರು ಲೊಚಗುಟ್ಟಿದರು. ಅವರು ಮಾತಿಲ್ಲದೆ ಪೂರ್ತಿ ಹಣ ಕೊಟ್ಟು ಬಂದರು. ಅವರಿಗೆ ಇನ್ನೂರು ರೂಪಾಯಿ ಎಂದರೆ ಎರಡು ವಾರದ ತರಕಾರಿ. ಮನೆಯಲ್ಲಿ ಸೊಸೆ ನೋಡಿದರೆ ಕೂಪನ್ನಿನ ಮೇಲೆ ಅಕ್ಟೋಬರ್ 31ರವರೆಗೆ ಎಂದು ಸ್ಪಷ್ಟವಾಗಿ ಅಚ್ಚಾಗಿದೆ! ಹಬ್ಬ ಮುಗಿದ ಕೂಡಲೆ ಗೋಡೆಯ ಬೋರ್ಡು ತೆಗೆದಿದ್ದರು, ಹುಡುಗ ಅದನ್ನೇ ನಂಬಿದ್ದ. ಮರುದಿನ ಮಧ್ಯಾಹ್ನ ಸೊಸೆ ಬಿಲ್ಲು, ಕೂಪನ್ ಎರಡನ್ನೂ ಒಯ್ದು, ತಾರೀಖಿನ ಮೇಲೆ ಬೆರಳಿಟ್ಟು, "ಇದನ್ನೊಮ್ಮೆ ನೋಡಿ ಹೇಳ್ತೀರಾ?" ಎಂದು ಮ್ಯಾನೇಜರನ್ನು ಕೇಳಿದಳು. ಐದು ನಿಮಿಷದಲ್ಲಿ ಬಿಲ್ಲು ಸರಿಯಾಯಿತು. ಹುಡುಗನೂ "ನಂಗೆ ಗೊತ್ತಾಗ್ಲಿಲ್ಲ ಅಕ್ಕ" ಎಂದನಂತೆ. ಕೂಗಾಟವಿಲ್ಲ, ಅವಮಾನವಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಹಾಗಾದರೆ "ಆಗಲ್ಲ" ಎಂದಾಗ ಏನು ಹೇಳಬೇಕು? ಈ ಮೂರು ಮಾತು ಬಾಯಿಪಾಠ ಮಾಡಿಕೊಳ್ಳಿ.

"ಯಾವ ಷರತ್ತಿಗೆ ಆಗಲ್ಲ, ಕೂಪನ್ನಿನ ಮೇಲೆ ತೋರಿಸ್ತೀರಾ?" ಕಾರಣ ಅಚ್ಚಾಗಿದ್ದರೆ ಅವರು ತೋರಿಸುತ್ತಾರೆ, ನಾವು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಅವರಿಗೇ ಅನುಮಾನ ಹುಟ್ಟುತ್ತದೆ.

"ನಿಮ್ಮ ಕೈಲಿ ಆಗದಿದ್ದರೆ ಯಾರನ್ನು ಕೇಳಲಿ?" ಈ ಮಾತಿನಲ್ಲಿ ಎದುರಿಗಿರುವವರ ಮೇಲೆ ಆರೋಪವಿಲ್ಲ. ಅವರೇ ಮ್ಯಾನೇಜರನ್ನು ಕರೆಯುತ್ತಾರೆ. ಅವರು ಬರುವ ತನಕ ಬದಿಗೆ ನಿಂತು ಹಿಂದಿನವರಿಗೆ ದಾರಿ ಕೊಡಿ. ಆಗ ಸಾಲಿನವರೂ ನಿಮ್ಮ ಕಡೆಗೇ ಆಗುತ್ತಾರೆ.

"ಹಾಗಾದ್ರೆ ಈ ಸಾಮಾನು ಬಿಟ್ಟು ಬಿಲ್ ಮಾಡಿ." ಇದು ಕೊನೆಯ ಮಾತು. ಕೂಪನ್ ಇದೆಯೆಂದೇ ತೆಗೆದುಕೊಂಡ ಸಾಮಾನನ್ನು ಹಣ ಕೊಡುವ ಮೊದಲು ಬಿಟ್ಟು ಬರಲು ಯಾರ ಅಪ್ಪಣೆಯೂ ಬೇಡ. ಬುಟ್ಟಿಗೆ ಹಾಕಿದ ಮೇಲೆ ಕೊಳ್ಳಲೇಬೇಕೆಂಬ ದಾಕ್ಷಿಣ್ಯವೇ ನಮ್ಮ ಎಷ್ಟೋ ನಷ್ಟಗಳಿಗೆ ಮೂಲ.

ಅಲ್ಲಿಗೂ ಬಗೆಹರಿಯದಿದ್ದರೆ

ಮ್ಯಾನೇಜರೂ ಕಾರಣವಿಲ್ಲದೆ ಆಗದು ಎಂದರೆ ಅಲ್ಲಿ ನಿಂತು ವಾದಿಸಿ ಫಲವಿಲ್ಲ. ಬಿಲ್ಲು ಇಸಿದುಕೊಳ್ಳಿ. ಕೂಪನ್ನಿನ ಎರಡೂ ಬದಿಯ, ಆಫರ್ ಬೋರ್ಡಿನ ಫೋಟೋ ತೆಗೆದುಕೊಳ್ಳಿ. ದಿನ, ಹೊತ್ತು, ಮಾತಾಡಿದವರ ಹೆಸರು ಬರೆದಿಡಿ. ಅಸಲು ಕೂಪನ್ ಅಲ್ಲಿ ಬಿಟ್ಟು ಬರಬೇಡಿ.

ಕಂಪನಿಯ ಕೂಪನ್ನಾದರೆ ಪೊಟ್ಟಣವನ್ನೇ ತಿರುಗಿಸಿ ನೋಡಿ. ದೂರು ಹೇಳಲು ವಿಳಾಸ, ಫೋನು, ಇ-ಮೇಲ್ ಅಚ್ಚು ಹಾಕಲೇಬೇಕೆಂದು ನಿಯಮವಿದೆ. ಅಲ್ಲಿಗೆ ತಿಳಿಸಿ. ಅಂಗಡಿಯ ಕೂಪನ್ನಾದರೆ ಮಾಲೀಕರಿಗೋ ಮುಖ್ಯ ಕಚೇರಿಗೋ ನಾಲ್ಕು ಸಾಲು ಬರೆಯಿರಿ. ಬರವಣಿಗೆಯಲ್ಲಿ ಬಂದ ದೂರಿಗೆ ಇರುವ ತೂಕ ಬಾಯಿಮಾತಿಗಿಲ್ಲ.

ಅದಕ್ಕೂ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ನಂಬರು 1915. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರು ನಿಮ್ಮ ದೂರನ್ನು ಅಂಗಡಿಯವರಿಗೋ ಕಂಪನಿಗೋ ಮುಟ್ಟಿಸುತ್ತಾರೆ. ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಅಂಗಡಿ ಬೇರೆ ಊರಿನಲ್ಲಿದ್ದರೂ ನೀವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು 2019ರ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಇಪ್ಪತ್ತು ರೂಪಾಯಿಯ ಕೂಪನ್ನಿಗೆ ಇಷ್ಟು ದೂರ ಹೋಗಬೇಕೆಂದಲ್ಲ. ಆದರೆ ಮೆಟ್ಟಿಲುಗಳು ಇವೆ ಎಂದು ಗೊತ್ತಿದ್ದವರ ಮಾತಿನಲ್ಲಿ ಕೂಗಾಟದ ಅಗತ್ಯ ಬೀಳುವುದಿಲ್ಲ.

ಫೋನಿಗೆ ಬರುವ ಕೂಪನ್

ಈಗ ಕಾಗದದ ಕೂಪನ್ ಕಡಿಮೆಯಾಗಿ ಫೋನಿಗೆ ನಂಬರು ಬರುವುದು ಹೆಚ್ಚಾಗಿದೆ. ಅಂಗಡಿಯ ಒಳಗೆ ಸಿಗ್ನಲ್ ಸಿಗದೆ ಎಷ್ಟೋ ಜನ ಪರದಾಡುತ್ತಾರೆ. ಮನೆಯಲ್ಲೇ ಆ ಸಂದೇಶದ ಫೋಟೋ ಹಿಡಿದಿಟ್ಟುಕೊಳ್ಳಿ, ಇಲ್ಲವೇ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಕೂಪನ್ ಬಳಸದಿದ್ದರೂ "ಫೋನ್ ನಂಬರ್ ಹೇಳಿ ಮೇಡಂ" ಎಂದು ಕೇಳುತ್ತಾರೆ. ನಂಬರು ಕೊಡದಿದ್ದರೆ ಬಿಲ್ಲು ಆಗದು ಎಂದು ಒತ್ತಾಯ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ಬೇಡವಾದರೆ "ನಂಬರ್ ಬೇಡಮ್ಮ, ಹಾಗೇ ಬಿಲ್ ಮಾಡು" ಎನ್ನಿ. ಸಾಕು.

ಇನ್ನು ನಿಮಗೆ ಕಾರು ಬಂದಿದೆ, ಲಕ್ಷ ಬಂದಿದೆ ಎಂದು ಅಂಚೆಯಲ್ಲಿ ಬರುವ ಕೆರೆಯುವ ಕಾರ್ಡುಗಳು, ಫೋನಿಗೆ ಬರುವ ಸಂದೇಶಗಳು. ಬಹುಮಾನ ಪಡೆಯಲು ಮೊದಲು ಹಣ ಕಟ್ಟಿ ಎಂದರೆ ಅದು ಮೋಸವೇ ಸರಿ. ಬ್ಯಾಂಕಿನಿಂದ ಬಂದ ಓ.ಟಿ.ಪಿ. ಯಾರು ಕೇಳಿದರೂ ಹೇಳಬೇಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ಕಡೆಯ ನ್ಯಾಯ

ಕೇಳುವವರ ಕೈಯೂ ಶುದ್ಧವಾಗಿರಬೇಕಲ್ಲವೇ? ವಾಯಿದೆ ಮುಗಿದ ಕೂಪನ್ ನಡೆಸಲು ನೋಡುವುದು, ಒಂದು ಮನೆಗೆ ಒಂದೇ ಎಂದಿದ್ದಾಗ ಮಕ್ಕಳನ್ನು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುವುದು, ಕೊಳ್ಳದ ಪೊಟ್ಟಣದಿಂದ ಕೂಪನ್ ಬಿಡಿಸಿಕೊಳ್ಳುವುದು ಇವನ್ನೆಲ್ಲ ಜಾಣತನ ಎಂದುಕೊಳ್ಳುವವರಿದ್ದಾರೆ. ಬಿಡಿಸಿಕೊಂಡ ಕೂಪನ್ನಿನ ಪೊಟ್ಟಣವನ್ನು ಕೊಳ್ಳುವವಳು ಇನ್ನೊಬ್ಬ ಗೃಹಿಣಿಯೇ. ಕೌಂಟರಿನವಳು ಮರೆತು ಎರಡು ಸಲ ಸೋಡಿ ಕಳೆದರೆ ಅದನ್ನೂ ಹೇಳಿಬಿಡಿ. ರಾತ್ರಿ ಲೆಕ್ಕದಲ್ಲಿ ಅದು ಯಾರ ಸಂಬಳಕ್ಕೆ ಬೀಳುತ್ತದೆಂದು ಈಗ ನಿಮಗೆ ಗೊತ್ತಿದೆ.

ಒಳ್ಳೆಯ ಕೆಲಸಕ್ಕೆ ಒಳ್ಳೆಯ ಮಾತೂ ಸಲ್ಲಬೇಕು. ತಾಳ್ಮೆಯಿಂದ ಷರತ್ತು ಓದಿ ಹೇಳಿದ ಹುಡುಗಿಯ ಹೆಸರನ್ನು ಮ್ಯಾನೇಜರ ಮುಂದೆ ಎತ್ತಿ ಹೇಳಿ ನೋಡಿ. ನಿಮಗೆ ಖರ್ಚಿಲ್ಲ, ಅವಳಿಗೆ ಅದೇ ದೊಡ್ಡದು. ಮುಂದಿನ ಸಲ ನೀವು ಹೋದಾಗ, "ಅಮ್ಮಾ, ಆ ಎಣ್ಣೆಗೆ ಇವತ್ತು ಕೂಪನ್ ಬಂದಿದೆ" ಎಂದು ಅವಳೇ ಕರೆದು ಹೇಳುತ್ತಾಳೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಕೂಪನ್ ಇದೆಯೆಂದು ಸಾಮಾನು ಕೊಳ್ಳಬೇಡಿ. ಸಾಮಾನು ಬೇಕೆಂದಾಗ ಕೂಪನ್ ಹುಡುಕಿ. ಬೇಡದ್ದನ್ನು ಅರ್ಧ ಬೆಲೆಗೆ ಕೊಂಡರೂ ಆ ಅರ್ಧ ನಷ್ಟವೇ. ಹಳೆಯ ಲಗ್ನಪತ್ರಿಕೆಯ ಲಕೋಟೆಯೊಂದನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ಕೂಪನ್ನುಗಳನ್ನು ತಾರೀಖಿನ ಪ್ರಕಾರ ಅದರಲ್ಲಿಡಿ. ಮೊದಲು ಮುಗಿಯುವುದು ಮುಂದೆ ಇರಲಿ. ಸಾಮಾನಿನ ಪಟ್ಟಿ ಬರೆಯುವ ದಿನ ಅದನ್ನು ತೆಗೆದು ನೋಡಿ, ಪಟ್ಟಿಯಲ್ಲಿರುವುದಕ್ಕೆ ಮಾತ್ರ ಕೂಪನ್ ಆರಿಸಿಕೊಳ್ಳಿ. ತಿಂಗಳ ಕೊನೆಗೆ ಉಳಿದದ್ದೆಷ್ಟೆಂದು ಬಿಲ್ಲಿನ ಹಿಂದೆ ಬರೆದಿಟ್ಟು ಕೂಡಿಸಿ ನೋಡಿ. ಹನಿ ಹನಿ ಕೂಡಿದರೆ ಹಳ್ಳ ಅಲ್ಲವೇ? ಆ ಹಳ್ಳದಲ್ಲಿ ಇನ್ನೊಬ್ಬಳ ಕಣ್ಣೀರಿನ ಹನಿ ಸೇರದಂತೆ ನೋಡಿಕೊಂಡರೆ ಆಯಿತು.